ಆಫ್ ಮಾಡಲು ಮರೆತ ಮೈಕು

ಭಾನುವಾರ, ಮಧ್ಯಾಹ್ನ

ಹೆಡ್‌ಮಾಸ್ಟರ್ ಸಾಹೇಬರಿಗೆ, ಕೋಪ ಇನ್ನೂ ಪೂರ್ತಿ ಇಳಿಯದ ಹೆಂಡತಿಯ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಗಣಿತಕ್ಕೆ ಮೇಷ್ಟ್ರಿಲ್ಲದೆ ಮುಚ್ಚಿಹೋಗಲಿದ್ದ ನಿಮ್ಮ ಹತ್ತನೇ ತರಗತಿ ನನ್ನ ಆನ್‌ಲೈನ್ ಪಾಠದಿಂದ ಉಳಿಯಿತು ಎಂದು ಬರೆದಿದ್ದೀರಿ. ನೀವು ಹೊಗಳಿದ್ದು ಓದಿ, ಕೈಬರಹ ನಿಮ್ಮದೇ ಹೌದೋ ಅಲ್ಲವೋ ಎಂದು ಕನ್ನಡಕ ಹಾಕಿಕೊಂಡು ನೋಡಿದೆ. ಕೊನೆಗೆ ಬಂತು ನೋಡಿ ನಿಮ್ಮ ಎಂದಿನ ಧಾಟಿ: ಪರದೆಯ ಪಾಠ ಏನಿದ್ದರೂ ತಾತ್ಕಾಲಿಕ, ಪಟ್ಟಣದ ಆನ್‌ಲೈನ್ ಪಾಠಕೇಂದ್ರದ ಕೆಲಸ ಬಿಟ್ಟು ಮನೆಗೂ ಶಾಲೆಗೂ ವಾಪಸ್ ಬಾ ಎಂದು.

ಶಾಲೆಗೆ ಬರುವುದಿಲ್ಲ. ನಾನು ಪ್ರಮೇಯದ ಮಧ್ಯದಲ್ಲಿರುವಾಗ ನೀವು ಒಳಗೆ ಬಂದು, ಮಕ್ಕಳೆದುರೇ ನನ್ನ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡು, ಹೀಗಲ್ಲ, ಹೀಗೆ ಎನ್ನುತ್ತಿದ್ದಿರಿ. ಮನೆಯಲ್ಲೂ ಅದೇ ಕಥೆ. ನನ್ನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ನಿಮ್ಮದು ಮುಗಿಯುತ್ತಲೇ ಇರಲಿಲ್ಲ. ಸಾಕಾಗಿಯೇ ಬಟ್ಟೆಬರೆ ಕಟ್ಟಿಕೊಂಡು ಹೊರಟೆ. ಇಲ್ಲಿ ನಾನು ಪಾಠ ಮಾಡುವಾಗ ಎಲ್ಲ ಶಾಲೆಗಳ ಮೈಕೂ ಬಂದ್, ಹೆಡ್‌ಮಾಸ್ಟರರದೂ ಸೇರಿ. ಆ ಸುಖ ನಿಮಗೆ ಹೇಗೆ ಹೇಳಲಿ!

ನನ್ನ ಸುಖ ಹಾಗಿರಲಿ. ಕಿಟಕಿ ಪಕ್ಕದ ನಮ್ಮ ಮೌನಗೌರಿ ನನ್ನೆದುರು ಕೂತಿದ್ದಷ್ಟು ದಿನ ತುಟಿ ಬಿಚ್ಚಿದವಳಲ್ಲ. ಈಗ ಪ್ರಶ್ನೆ ಟೈಪ್ ಮಾಡಿ ಮಾಡಿ ನನ್ನ ಜೀವ ಹಿಂಡುತ್ತಾಳೆ. ಜ್ವರದಲ್ಲಿ ಮಲಗಿದ್ದ ಬೇಕರಿಯವರ ಮಗಳು ಪಾಠದ ರೆಕಾರ್ಡಿಂಗನ್ನು ಮತ್ತೆ ಮತ್ತೆ ನೋಡಿ, ಲೆಕ್ಕಗಳನ್ನೆಲ್ಲ ಮುಗಿಸಿಕೊಂಡೇ ಶಾಲೆಗೆ ಬಂದಳಂತೆ. ಒಂದೇ ಮಾತನ್ನು ಅಷ್ಟು ಸಲ ಹೇಳಬೇಕಾಗಿದ್ದರೆ ನನಗೇ ಸಿಟ್ಟು ಬರುತ್ತಿತ್ತು. ಎಲ್ಲವೂ ಚೆನ್ನ ಎನ್ನಲಾರೆ. ಯಾರು ತೂಕಡಿಸುತ್ತಿದ್ದಾರೆ, ಯಾರು ಅತ್ತುಕೊಂಡು ಬಂದಿದ್ದಾರೆ ಎಂಬುದು ಪರದೆಯಲ್ಲಿ ತಿಳಿಯುವುದಿಲ್ಲ. ಅದಕ್ಕೆ ಅಲ್ಲಿ ನೀವು ಬೇಕು.

ಇನ್ನೊಂದು ವಿಷಯ. ಪಾಠ ಮುಗಿದ ಮೇಲೆ ನೀವು ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಆಫ್ ಆಯಿತು ಎಂದುಕೊಳ್ಳುತ್ತೀರಿ. ಆಗಿರುವುದಿಲ್ಲ. ಕೊನೆಯಲ್ಲಿ ಮಕ್ಕಳು ನಮಸ್ಕಾರ ಹೇಳಲೆಂದು ತೆರೆದ ಮೈಕು ಹಾಗೇ ಇರುತ್ತದೆ. ಮೊದಲ ದಿನವೇ ಹೇಳಬಹುದಿತ್ತು, ಹೇಳಲಿಲ್ಲ. ಮೊನ್ನೆ ಗುರುವಾರ ಮೌನಗೌರಿ ಬಂದು ನಿಮ್ಮನ್ನೇ ಒಂದು ಸಂದೇಹ ಕೇಳಿದಳು. ಶುರುವಾಯಿತು ಭಾಷಣ ಎಂದುಕೊಂಡೆ. ನೀವು ನೋಡಿದರೆ, "ನಂಗೂ ಗೊತ್ತಾಗ್ಲಿಲ್ಲಮ್ಮ. ನಾಳೆ ಟೀಚರ್‌ನ ಕೇಳೋಣ, ಅವ್ರು ಚೆನ್ನಾಗಿ ಹೇಳ್ತಾರೆ" ಅಂದಿರಿ.

ಇಷ್ಟು ವರ್ಷ ನಿಮ್ಮೊಂದಿಗೆ ಸಂಸಾರ ಮಾಡಿದ್ದೇನೆ, ಗೊತ್ತಿಲ್ಲ ಎಂಬ ಮಾತನ್ನು ನಿಮ್ಮ ಬಾಯಿಂದ ಕೇಳಿರಲಿಲ್ಲ. ಹೆಡ್‌ಫೋನ್ ತೆಗೆಯಲು ಮನಸ್ಸಾಗದೆ ಕೂತೇ ಇದ್ದೆ. ಅಳು ಬಂತು ರೀ. ಶುಕ್ರವಾರ ಅವಳು ಅದನ್ನೇ ಕೇಳಿದಾಗ, ಏನೂ ಅರಿಯದವಳಂತೆ ಉತ್ತರ ಹೇಳಿದೆ. ನೀವು ಹಿಂದೆ ನಿಂತು ತಲೆಯಾಡಿಸುತ್ತಿದ್ದಿರಿ.

ಆದರೂ ಈ ಕೆಲಸ ಬಿಡುವುದಿಲ್ಲ. ನಿಮ್ಮ ಶಾಲೆಯ ಹಾಗೆ ನನ್ನನ್ನೇ ನಂಬಿಕೊಂಡ ಬೇರೆ ಶಾಲೆಗಳೂ ಇವೆ. ಬಿಪಿ ಮಾತ್ರೆ ತಪ್ಪಿಸಬೇಡಿ.

ಇಂತಿ,
ನಿಮ್ಮ ಮಕ್ಕಳ ಗಣಿತದ ಟೀಚರ್

ತಾ.ಕ.: ಎಲ್ಲಿ ಕೂತು ಪಾಠ ಮಾಡಿದರೂ ಅಡ್ಡಿಯಿಲ್ಲ ಎಂದು ಕೇಂದ್ರದವರು ಒಪ್ಪಿದ್ದಾರೆ. ನಾನೇ ಹೋಗಿ ಕೇಳಿದೆ. ಶನಿವಾರ ಬರುತ್ತೇನೆ, ಮನೆಯ ಹಿಂದಿನ ಕೋಣೆ ಖಾಲಿ ಮಾಡಿಸಿಡಿ. ಸೋಮವಾರದ ಪಾಠ ಅಲ್ಲಿಂದಲೇ. ನೀವು ಶಾಲೆಯಲ್ಲಿ ಕೂತು ಕೇಳಿ. ಅರ್ಥವಾಗದೆ ಉಳಿದಿದ್ದನ್ನು ಸಂಜೆ ಮನೆಗೆ ಬಂದು ನನ್ನನ್ನೇ ಕೇಳಬಹುದು.