ಡಾಬು ಕಳವಿನ ಖಟ್ಲೆಯ ನಕಲು

ಮನೆಯವರಿಗೆ,

ನಿಮ್ಮ ತಂಗಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಹಡಪಸರದಿಂದ ಟಾಂಗಾ ಬಂದಿದೆ. ಹೋಗುತ್ತಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ.

ನಾಳೆ ನೀವು ಮತ್ತೆ ಇಂದಾಪುರದ ಕೋರ್ಟಿಗೆ ಹೋಗಿರಿ. ಶನಿವಾರದೊಳಗೆ ಖುಲಾಸೆಯ ತೀರ್ಪು ತೋರಿಸದಿದ್ದರೆ ನಿಮ್ಮ ಹೊಸ ನೌಕರಿ ಬೇರೆಯವರಿಗೆ ಹೋಗುತ್ತದೆ. ಎರಡು ಸಲ ಹೋಗಿ ನಿಮ್ಮ ಹೆಸರು ಹೇಳಿ, ‘ಆ ಹೆಸರಿನ ಖಟ್ಲೆ ಇಲ್ಲ’ ಎಂದು ಕೇಳಿಸಿಕೊಂಡು ಬಂದಿರಿ. ಸಿಗುವುದಾದರೂ ಹೇಗೆ? ಕೆಳಗಿನ ಮನೆಯ ವಕೀಲರ ಗುಮಾಸ್ತ ಪಂಢರಿನಾಥರನ್ನು ಕೇಳಿದೆ. ಅಲ್ಲಿಯ ರಿಜಿಸ್ಟರಿನಲ್ಲಿ ಇಂಥ ಖಟ್ಲೆಗಳು ಫಿರ್ಯಾದಿಯ ಹೆಸರಿಗೆ ಇರುತ್ತವಂತೆ, ಆರೋಪಿಯ ಹೆಸರಿಗಲ್ಲ. ನಿಮ್ಮ ಮೇಲೆ ಫಿರ್ಯಾದು ಕೊಟ್ಟ ನಮ್ಮಪ್ಪ ಶಿವಪುತ್ರಪ್ಪನ ಹೆಸರು ಹೇಳಿರಿ. ಹೇಳಲು ಸಿಟ್ಟು ಬಂದರೆ ಬರೆದು ಕೊಡಿರಿ.

ಅರ್ಜಿಯಲ್ಲಿ ಇಸವಿ ೧೯೨೧, ಕಳವಿನ ಖಟ್ಲೆ ಎಂದು ಕಾಣಿಸಿರಿ. ಕಳವಾದ ಒಡವೆ ಸೊಂಟದ ಬೆಳ್ಳಿಯ ಡಾಬು ಒಂದು. ಡಾಬಿನೊಳಗೆ ನಾನಿದ್ದೆ ಎಂಬುದನ್ನು ಅಪ್ಪ ಬರೆಸಿಲ್ಲ. ಸ್ಟಾಂಪು ಹಚ್ಚುವುದನ್ನು ಮರೆಯಬೇಡಿರಿ.

ತೀರ್ಪಿನ ಜೊತೆಗೆ ನನ್ನ ಹೇಳಿಕೆಯ ನಕಲನ್ನೂ ಕೇಳಿರಿ. ನನ್ನನ್ನು ಪುಣೆಗೆ ಓಡಿಸಿಕೊಂಡು ಬಂದೆ ಎಂದು ಹದಿನೈದು ವರ್ಷದಿಂದ ಈ ವಾಡೆಯವರಿಗೆಲ್ಲ ಹೇಳುತ್ತಿದ್ದೀರಿ. ‘ಅವರು ನನ್ನ ಕರಕೊಂಡ ಬಂದಿಲ್ರಿ, ನಾನ ಅವರನ್ನ ಕರಕೊಂಡ ಬಂದೇನ್ರಿ’ ಎಂದು ನಾನು ಹೇಳಿದ್ದು ಅಲ್ಲಿದೆ. ಒಮ್ಮೆ ಓದಿಕೊಳ್ಳಿರಿ.

‘ಅವರು ಅಂದ್ರ ಯಾರು?’ ಎಂದು ಕೋರ್ಟಿನ ಸಾಹೇಬರು ಮೂರು ಸಲ ಕೇಳಿದರು. ಕೊನೆಗೆ ಹೇಳಿದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅಲ್ಲಿ ಮಾತ್ರ.

ಆ ಪುಟವನ್ನು ಕಚೇರಿಗೆ ಕೊಡಬೇಡಿರಿ. ಅದು ಮನೆಯಲ್ಲಿರಲಿ.

ಪಾರವ್ವ