ಕಿಟಕಿ ಕಡೆಯ ಕೈ

ಅಪ್ಪಾ,

ಇವತ್ತು ಡಿಪೋದಲ್ಲಿ ಜಗಳವಾಡಿ ಬಂದೆ. ನಿನ್ನ ಬಸ್ಸನ್ನು ಈಗ ನಾನೇ ಓಡಿಸುತ್ತೇನೆ. ಕಿಟಕಿ ಕಡೆಯ ಬಲಗೈಗೆ ಮಾತ್ರ ಗುಲಾಬಿ ಬಣ್ಣದ ಸ್ವೆಟರಿನ ಒಂಟಿ ತೋಳು ಏರಿಸಿಕೊಂಡಿದ್ದೆ. ಅಷ್ಟಕ್ಕೇ ಮೇಲ್ವಿಚಾರಕರು ಎಲ್ಲರೆದುರು, "ಏನಮ್ಮಾ, ಬಿಸಿಲು ತಾಗಿದ್ರೆ ಕರಗಿ ಹೋಗ್ತೀಯಾ? ಯೂನಿಫಾರಂ ಅಲ್ಲ ಅದು, ಬಿಚ್ಚು" ಅಂದರು. ಡ್ರೈವರುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಿಚ್ಚಲ್ಲ ಸಾರ್," ಅಂದೆ. "ಬಿಸಿಲಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಇರುತ್ತೆ. ಅದು ಚರ್ಮದ ಜೀವಕೋಶದೊಳಗೆ ಹೊಕ್ಕು, ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಎರಡು ಅಕ್ಷರಗಳನ್ನ ಒಂದಕ್ಕೊಂದು ಅಂಟಿಸಿಬಿಡುತ್ತೆ. ಕೋಶ ಅದನ್ನ ಕತ್ತರಿಸಿ ಸರಿ ಮಾಡ್ಕೊಳ್ಳುತ್ತೆ. ಆದ್ರೆ ಮೂವತ್ತು ವರ್ಷ ದಿನಾ ಅಂಟಿಸ್ತಾನೇ ಇದ್ರೆ, ಎಲ್ಲೋ ಒಂದು ತಪ್ಪು ಹಾಗೇ ಉಳಿದುಬಿಡುತ್ತೆ. ಅಪ್ಪನ ಮೊಣಕೈಲಿ ಉಳೀತು, ಗಡ್ಡೆಯಾಯ್ತು, ಅವರನ್ನೇ ತಗೊಂಡು ಹೋಯ್ತು. ಬೇಕಾದ್ರೆ ಸಸ್ಪೆಂಡ್ ಮಾಡಿ."

ನಗು ನಿಂತಿತು. ಮೇಲ್ವಿಚಾರಕರು ಬಸ್ಸಿನ ಕೀಲಿ ಕೊಟ್ಟರು. ನಾಳೆಯೂ ಹಾಕುತ್ತೇನೆ, ನಾಡಿದ್ದೂ ಹಾಕುತ್ತೇನೆ. ಯಾರು ಏನು ಮಾಡುತ್ತಾರೋ ನೋಡೇಬಿಡುತ್ತೇನೆ.

ಈ ತೋಳು ನನಗೆ ಸಿಕ್ಕಿದ್ದು ನಿನ್ನ ಸೀಟಿನ ಕೆಳಗೆ, ಒರೆಸುವ ಬಟ್ಟೆಗಳ ನಡುವೆ. ಕೈ ಉರಿಯುತ್ತದೆಂದು ನೀನು ಹೇಳಿದಾಗ ಅಮ್ಮ ತನ್ನ ಸ್ವೆಟರನ್ನೇ ಕತ್ತರಿಸಿ ಹೊಲಿದುಕೊಟ್ಟಿದ್ದಳಲ್ಲ, ಅದೇ. ಬಣ್ಣ ಇನ್ನೂ ಮಾಸಿಲ್ಲ. ನೀನು ಹಾಕಿಕೊಂಡದ್ದು ಒಂದೇ ದಿನ. ಅವತ್ತು ಶಾಲೆಯ ಹತ್ತಿರ ಬಸ್ಸು ಹತ್ತಿದ ಹುಡುಗಿಯರಲ್ಲಿ ಒಬ್ಬಳು ಕೇಕೆ ಹಾಕಿ ನಕ್ಕಳೆಂದು ಬಿಚ್ಚಿಬಿಟ್ಟೆ.

ಅವಳು ಯಾರೆಂದು ಇಲ್ಲಿ ಬರೆಯುವುದಿಲ್ಲ, ನಿನಗೆ ಗೊತ್ತೇ ಇದೆ. ಅವಳು ಇವತ್ತು ಬಿಚ್ಚಲಿಲ್ಲ, ಅಪ್ಪಾ.