ಮಂದೆ ನಿಂತ ಹೊಲದಲ್ಲಿ ಹುಟ್ಟಿದವನ ವಿಲಾಯಿತಿ ಓದು

ವಿದೇಶ ವ್ಯಾಸಂಗ ಸಮಿತಿಯ ಮಾನ್ಯ ಕಾರ್ಯದರ್ಶಿಗಳಲ್ಲಿ,

ಮಿಡಿಗೇಶಿಯ ಅಂಜನಪ್ಪನನ್ನು ಅರ್ಥಶಾಸ್ತ್ರ ಓದಲು ಸಂಸ್ಥಾನದ ವತಿಯಿಂದ ಇಂಗ್ಲೆಂಡಿಗೆ ಕಳಿಸಲಾಗದೆಂದು ತಾವು ತೀರ್ಮಾನಿಸಿದ್ದೀರಿ. ಅವನಿಗೆ ಬುದ್ಧಿ ಸಾಲದೆಂದಲ್ಲ; ಆನರ್ಸ್ ಪರೀಕ್ಷೆಯಲ್ಲಿ ಅವನೇ ಮೊದಲಿಗ. ಅಲ್ಲಿಯ ವಿಶ್ವವಿದ್ಯಾನಿಲಯ ಒಪ್ಪಲಿಲ್ಲವೆಂದೂ ಅಲ್ಲ. ಅವರು ಜಾಗ ಇಟ್ಟುಕೊಂಡು ಕಾದಿದ್ದರು. ಅವನು ಹುಟ್ಟಿದ್ದು ಮೈಸೂರು ಸೀಮೆಯ ಗಡಿಯಿಂದ ಒಂದು ಕೂಗಳತೆ ಆಚೆ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಒಂದು ಕಡಲೆಕಾಯಿ ಹೊಲದಲ್ಲಿ. ಆದ್ದರಿಂದ ಅವನು ಪರರಾಜ್ಯದವನು, ಸಂಸ್ಥಾನದ ವಿದ್ಯಾರ್ಥಿವೇತನಕ್ಕೆ ಅನರ್ಹ. ಸಮುದ್ರ ದಾಟಿ ಬಾ ಎಂದು ಯುವಕರನ್ನು ಹುರಿದುಂಬಿಸುವ ಸಮಿತಿಗೆ, ತಾಯಿಯ ಹೊಟ್ಟೆಯಲ್ಲಿದ್ದಾಗ ಒಂದು ಒಣ ಹಳ್ಳ ದಾಟಿದ್ದು ಮಾತ್ರ ಅಪರಾಧವಾಗಿ ಕಂಡಿತು.

ಈ ವಿಷಯವಾಗಿ ನಾನು ಕಳಿಸಿದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಖುದ್ದಾಗಿ ಬೆಂಗಳೂರಿಗೆ ಬಂದು ತಮ್ಮ ಕೊಠಡಿಯ ಮುಂದಿನ ಬೆಂಚಿನ ಮೇಲೆ ಕಾದು ಕೂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದವನು, ಒಳಗೆ ಕರೆದಾಗ ಅರ್ಜಿಯ ನಕಲನ್ನಷ್ಟೇ ಮೇಜಿನ ಮೇಲಿಟ್ಟೆ. ತಾವು ನಿಯಮ ಓದಿ ಹೇಳಿದಿರಿ, ನಾನು ನಮಸ್ಕಾರ ಮಾಡಿ ಹೊರಬಂದೆ. ನಾನು ಓದಿದ್ದು ಕನ್ನಡ ಸಾಹಿತ್ಯ. ಎದುರಿಗೆ ಆಡಲಾಗದ್ದನ್ನು ಬರೆಯುವುದೊಂದೇ ನನಗೆ ಗೊತ್ತಿರುವ ಉಪಾಯ. ಈ ಪತ್ರ ಪತ್ರಿಕೆಯಲ್ಲಿ ಬಂದರೆ ನಾಲ್ಕು ಜನರ ಮುಂದೆ ಮೌನವಾಗಿರುವುದು ತಮಗೆ ತುಸು ಕಷ್ಟವಾದೀತು ಎಂಬ ಆಸೆ. ಆಸೆ ಎಂದರೆ ಅದೂ ದೊಡ್ಡ ಮಾತೇ.

ಅಂಜನಪ್ಪನ ಮನೆಯವರು ಕುರಿ ಸಾಕಿ ಬದುಕುವವರು. ತಂದೆ ಇಲ್ಲ. ತಾಯಿ ಭೀಮಕ್ಕ, ತಂಗಿ ಗೌರಕ್ಕ, ಅವಳ ಗಂಡ ಗಂಗಣ್ಣ. ಮಿಡಿಗೇಶಿಯ ಕೋಟೆ ಬೆಟ್ಟದ ಬುಡದಲ್ಲಿ ಅವರ ಗುಡಿಸಲು. ಸಂಕ್ರಾಂತಿ ಕಳೆದ ಮೇಲೆ ಇಲ್ಲಿ ಮೇವು ಮುಗಿಯುತ್ತದೆ. ಆಗ ಮನೆಮಂದಿಯೆಲ್ಲ ಕುರಿ ಹೊಡೆದುಕೊಂಡು ಮಡಕಶಿರ, ಹಿಂದೂಪುರದ ಕಡೆಗೆ ಹೊರಡುತ್ತಾರೆ. ಬೆಳೆ ತೆಗೆದ ಹೊಲಗಳಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ. ಹಿಕ್ಕೆಗಂಜಳದಿಂದ ಹೊಲಕ್ಕೆ ಗೊಬ್ಬರ, ಇವರಿಗೆ ರಾಗಿ. ಮುಂಗಾರು ಬೀಳುವ ಹೊತ್ತಿಗೆ ಮಿಡಿಗೇಶಿಗೆ ವಾಪಸು. ಅಜ್ಜನ ಕಾಲದಿಂದ ನಡೆದು ಬಂದ ದಾರಿ ಇದು. ಆ ದಾರಿಯ ನಡುವೆ ಎರಡು ಸರ್ಕಾರಗಳು ಕಲ್ಲು ನೆಟ್ಟಿವೆ. ಕುರಿಗಳು ಅದಕ್ಕೆ ಮೈ ಉಜ್ಜಿಕೊಂಡು ಮುಂದೆ ಹೋಗುತ್ತವೆ.

ಅವನು ಅರ್ಥಶಾಸ್ತ್ರ ಹಿಡಿದದ್ದೂ ಈ ದಾರಿಯಿಂದಲೇ. ನಮ್ಮ ತಂದೆ ಮಧುಗಿರಿಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಾರೆ. ಶಾಲೆಗೆ ಹೋಗುವ ದಿನಗಳಲ್ಲಿ ಅವನು ನಮ್ಮ ಅಂಗಡಿಯ ಜಗಲಿಯಲ್ಲಿ ಇದ್ದುಕೊಂಡೇ ಓದಿದ. ಮುಂದೆ ಮೈಸೂರಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನಾನು ಷಟ್ಪದಿಗೆ ಅರ್ಥ ಬರೆದುಕೊಳ್ಳುತ್ತಿದ್ದರೆ ಅವನು ಮೂಲೆಯಿಂದ ಕೇಳುವನು: "ಅಲ್ಲ ಕಣಯ್ಯ, ನಮ್ಮವ್ವನ ಕುರಿ ಹಿಕ್ಕೆ ಹಾಕಿ ಬೆಳೆಸಿದ ಕಡಲೆಕಾಯಿ ಮದ್ರಾಸಿನ ಲೆಕ್ಕಕ್ಕೆ ಹೋಯ್ತದೆ. ಆ ರಾಗಿ ತಿಂದ ನಾನು ಮೈಸೂರಿನ ಲೆಕ್ಕಕ್ಕೆ ಬತ್ತೀನಿ. ಹಂಗಾದ್ರೆ ದೇಶದ ಸಂಪತ್ತು ಅಂತಾರಲ್ಲ, ಅದು ಯಾವ ದೇಶದ್ದು?" ನಿಮ್ಮ ಅಧ್ಯಾಪಕರನ್ನೇ ಕೇಳು ಎಂದೆ. ಅವರಿಗೂ ತಿಳಿಯಲಿಲ್ಲ. ಆದರೆ ಅವರು ದೊಡ್ಡ ಮನುಷ್ಯರು, ತಿಳಿಯದೆಂದು ಒಪ್ಪಿ, ಇದನ್ನು ಕೇಳಲು ಕಲಿಸುವವರು ಇಂಗ್ಲೆಂಡಿನಲ್ಲಿದ್ದಾರೆ, ಹೋಗು ಎಂದರು. ಗಡಿಯ ಎರಡೂ ಬದಿಯ ಬದುಕು ಒಂದನ್ನೊಂದು ಹೇಗೆ ಸಾಕುತ್ತದೆ ಎಂಬುದೇ ಅವನು ಅಲ್ಲಿ ಹಿಡಿಯಬೇಕೆಂದಿದ್ದ ವಿಷಯ. ಆ ಗಡಿಯೇ ಅವನನ್ನು ಹಿಡಿಯಿತು.

ತಮ್ಮ ಸಮಿತಿ ವಾಸಸ್ಥಳದ ವಿಚಾರಣೆಗೆ ಬರೆಯಿತು. ಕಂದಾಯ ಇಲಾಖೆಯ ಶೇಕ್‌ದಾರರು ಮಿಡಿಗೇಶಿಗೆ ಬಂದರು. ಹೊಂಗೆ ಮರದ ಕೆಳಗೆ ಮಂಚ ಹಾಕಿದರು, ಪಕ್ಕದಲ್ಲಿ ಶಾನುಭೋಗರು ನಿಂತರು. ಅಂಜನಪ್ಪನ ಜೊತೆಗೆ ನಾನೂ ಇದ್ದೆ. ಭೀಮಕ್ಕ ಸೆರಗು ಹೊದ್ದು ಮುಂದೆ ಬಂದಳು.

"ನಿನ್ನ ಮಗ ಹುಟ್ಟಿದ್ದೆಲ್ಲಮ್ಮ?" ಎಂದು ಶೇಕ್‌ದಾರರು ಕೇಳಿದರು.

ಈ ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಅವಳ ಮುಖ ಅರಳಿತು. "ಮಡಕಶಿರದ ಸೀಮೇಲಿ ಸೋಮಿ, ಪೆದ್ದರೆಡ್ಡಿ ಹೊಲ್ದಾಗೆ. ಮಂದೆ ನಿಲ್ಸಿದ್ವಿ. ಹೊತ್ತು ಮೂಡ್ತಿತ್ತು, ಇವ್ನು ಬಿದ್ದ."

ಶಾನುಭೋಗರು ಕೆಮ್ಮಿದರು. "ಭೀಮಕ್ಕ, ಚೆನ್ನಾಗಿ ಜ್ಞಾಪಿಸಿಕೊ. ಮಿಡಿಗೇಶಿ ಅಲ್ಲವಾ? ನಮ್ಮೂರಲ್ಲೇ ಅಲ್ಲವಾ?"

"ಹೆತ್ತೋಳು ನಾನಾ ನೀವಾ ಶಾನುಭೋಗ್ರೆ?"

ಸುತ್ತ ನಿಂತವರು ನಕ್ಕರು. ಶೇಕ್‌ದಾರರೂ ನಕ್ಕರು. ಭೀಮಕ್ಕನಿಗೆ ಹುರುಪು ಬಂತು. "ನಮ್ಮ ಕಡೆ ಬಾಣಂತಿ ಪುರುಡು ಕಳೆಯೋಗಂಟ ಮಂದೆ ಕದಲಿಸೋಂಗಿಲ್ಲ ಸೋಮಿ. ಅಷ್ಟು ದಿನವೂ ಕುರಿ ಅದೇ ಹೊಲ್ದಾಗೆ ನಿಂತ್ವು. ಆ ವರ್ಷ ರೆಡ್ಡಿಗೆ ಕಡ್ಲೇಕಾಯಿ ಹೆಂಗೆ ಬಂತು ಅಂತೀರಿ! 'ಮಾ ಚೇನು ಪುಣ್ಯಂ ಚೇಸಿಂದಮ್ಮಾ', ನಮ್ ಹೊಲ ಪುಣ್ಯ ಮಾಡೈತೆ ಕಣಮ್ಮ ಅಂತ ನನ್ ಮಡ್ಲಿಗೆ ಸೀರೆ ಹಾಕ್ದ. ಇವತ್ಗೂ ಅದ್ನ ಅಂಜನಪ್ಪನ ಹೊಲ ಅಂತಾರೆ. ಬೇಕಾದ್ರೆ ಬನ್ನಿ, ತೋರಿಸ್ತೀನಿ."

ನಾನು, "ಸ್ವಾಮಿ, ಅವರ ಮನೆ ಮಾತ್ರ ಇಲ್ಲಿಯೇ" ಎಂದೆ. ಶೇಕ್‌ದಾರರು, "ತಾಯಿಯೇ ಹೇಳುತ್ತಿದ್ದಾಳಲ್ಲಪ್ಪ" ಎಂದರು. ಅಂಜನಪ್ಪ ನೆಲ ನೋಡುತ್ತಿದ್ದ. ಅವನಿಗೆ ಆಗಲೇ ಅರ್ಥವಾಗಿತ್ತು.

ಮಾನ್ಯರೇ, ಪೇಟೆಯ ಯಾವ ತಾಯಿಯೂ ಹೀಗೆ ಹೇಳುತ್ತಿರಲಿಲ್ಲ. ಸರ್ಕಾರಕ್ಕೆ ಯಾವ ಉತ್ತರ ಬೇಕೆಂದು ನಮಗೆ ಗೊತ್ತಿರುತ್ತದೆ. ಅದಕ್ಕೆ ತಕ್ಕಂತೆ ಹುಟ್ಟುತ್ತೇವೆ. ಭೀಮಕ್ಕನ ಪಾಲಿಗೆ ಮಗ ಹುಟ್ಟಿದ ಹೊಲ ಅವನಿಗೆ ಸಿಕ್ಕ ಮೊದಲ ಮರ್ಯಾದೆ. ಒಂದು ಹೊಲದ ಬೆಳೆಯನ್ನೇ ಹೆಚ್ಚಿಸಿ ಹುಟ್ಟಿದ ಮಗನಿಗಿಂತ ಒಳ್ಳೆಯ ಶಿಫಾರಸು ಬೇರೆ ಏನಿದೆ ಎಂದು ಅವಳು ತಿಳಿದಳು. ಅರ್ಥಶಾಸ್ತ್ರ ಓದಲು ಹೊರಟವನ ಮಟ್ಟಿಗೆ ಅವಳು ತಿಳಿದದ್ದು ತಪ್ಪೇ?

ತಮ್ಮ ನಿಯಮದಲ್ಲಿ ಒಂದು ವಿನಾಯಿತಿ ಇದೆ. ಹೊರಗೆ ಹುಟ್ಟಿದವನಾದರೂ ತಂದೆತಾಯಿಗಳಿಗೆ ಸಂಸ್ಥಾನದಲ್ಲಿ ಮನೆಯಾಗಲಿ ಜಮೀನಾಗಲಿ ಇದ್ದರೆ ಅವನು ಮೈಸೂರಿನವನೇ. ಬೊಂಬಾಯಿಯಲ್ಲಿ ಹುಟ್ಟಿ ಮದ್ರಾಸಿನಲ್ಲಿ ಬೆಳೆದು, ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಬಂಗಲೆಯೊಂದಿದ್ದರೆ ಸಾಕು. ಭೀಮಕ್ಕನ ಗುಡಿಸಲು ಗೋಮಾಳದಲ್ಲಿದೆ, ಅದಕ್ಕೆ ಖಾತೆಯಿಲ್ಲ. ಇರುವ ಆಸ್ತಿ ಕುರಿ. ಕುರಿ ಸ್ಥಿರಾಸ್ತಿಯಲ್ಲ ಎಂದು ತಾವು ನನಗೆ ಹೇಳಿದಿರಿ. ಅದನ್ನು ಅಂಜನಪ್ಪನಿಗೆ ತಿಳಿಸಿದಾಗ ಅವನು ನಕ್ಕ: "ನಿಂತಿದ್ದು ಆಸ್ತಿ, ನಡೆಯೋದು ಆಸ್ತಿಯಲ್ಲ. ಇಷ್ಟು ಕಲಿಯೋಕೆ ಇಂಗ್ಲೆಂಡಿಗೆ ಯಾಕೆ ಹೋಗ್ಬೇಕು ಹೇಳು, ಬೆಂಗಳೂರೇ ಸಾಕು."

ಇನ್ನೊಂದು ಸಂದೇಹ. ಪಾವಗಡ ತಾಲ್ಲೂಕು ನಮ್ಮದೇ. ಆದರೆ ಅದರ ಸುತ್ತ ಪರರಾಜ್ಯ. ಅಲ್ಲಿಯ ಅಮಲ್ದಾರರು ತುಮಕೂರಿನ ಜಿಲ್ಲಾ ಕಚೇರಿಗೆ ಬರಬೇಕಾದರೆ ಮದ್ರಾಸಿನ ನೆಲ ತುಳಿದೇ ಬರಬೇಕು. ಅವರ ಮನೆಯವರು ಚೊಚ್ಚಲ ಹೆರಿಗೆಗೆಂದು ತುಮಕೂರಿನ ತವರಿಗೆ ಹೊರಟರು, ದಾರಿಯಲ್ಲಿ ನೋವು ಬಂತು ಎನ್ನೋಣ. ಗಾಡಿಯವನು ಎತ್ತುಗಳಿಗೆ ಚಾಟಿ ಬೀಸಬೇಕೋ, ಅಥವಾ ಗಡಿಕಲ್ಲು ಬರುವವರೆಗೂ ತಡೆದುಕೊಳ್ಳಮ್ಮ ಎಂದು ಕೂಸಿಗೆ ಹೇಳಬೇಕೋ? ಆ ಕೂಸು ಮುಂದೆ ವಿದ್ಯಾರ್ಥಿವೇತನ ಕೇಳಿಕೊಂಡು ಬಂದರೆ ಅದಕ್ಕೂ ತಾವು ಇದೇ ನಿಯಮ ಓದಿ ಹೇಳುವಿರೋ? ಹೇಳುವುದಿಲ್ಲವೆಂದು ನನಗೂ ಗೊತ್ತು, ತಮಗೂ ಗೊತ್ತು.

ಹಾಗಿದ್ದರೆ ಇವನು ಮದ್ರಾಸಿನವನೇ ಇರಬೇಕು ಎಂದುಕೊಂಡು ಆ ಪ್ರಾಂತ್ಯದ ಸರ್ಕಾರಕ್ಕೂ ಬರೆದು ನೋಡಿದೆವು. ಅವರು ಬಲು ಬೇಗ, ಬಲು ಸಭ್ಯವಾಗಿ ಉತ್ತರಿಸಿದರು: ಅರ್ಜಿದಾರನ ತಾಯಿ ಮೈಸೂರಿನ ಪ್ರಜೆ, ಆದ್ದರಿಂದ ಅರ್ಜಿಯನ್ನು ಮೈಸೂರಿಗೇ ಸಲ್ಲಿಸತಕ್ಕದ್ದು. ಕುರಿ ಸುಂಕ ಕೀಳುವಾಗ ಎರಡು ಕಡೆಯವರೂ ಇವರನ್ನು ನಮ್ಮವರೆನ್ನುತ್ತಾರೆ. ಕೊಡುವ ಹೊತ್ತಿನಲ್ಲಿ ಮಾತ್ರ ಇಬ್ಬರಿಗೂ ಔದಾರ್ಯ ಬಂದು, ನಿಮ್ಮವರು, ನಿಮ್ಮವರು ಎಂದು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಾರೆ.

ಅರ್ಥಶಾಸ್ತ್ರಕ್ಕೆಂದು ಇಟ್ಟಿದ್ದ ಆ ಸ್ಥಾನಕ್ಕೆ ಯಾರೂ ಹೋಗಲಿಲ್ಲ. ಯೋಗ್ಯ ಅಭ್ಯರ್ಥಿ ದೊರೆಯದ ಕಾರಣ ಈ ಸಾಲಿನಲ್ಲಿ ಯಾರನ್ನೂ ಕಳಿಸಲಾಗಿಲ್ಲ ಎಂಬ ಪ್ರಕಟಣೆಯನ್ನು ನಾನೇ ಓದಿದೆ. ಅಂಜನಪ್ಪನಿಗೆ ಈ ವರ್ಷ ವಯೋಮಿತಿ ದಾಟಿತು. ಅವನೀಗ ಗಂಗಣ್ಣನ ಜೊತೆ ಕುರಿಗಳ ಹಿಂದೆ ಹೋಗಿದ್ದಾನೆ. ಹೋದ ತಿಂಗಳು ಕೊಡಿಗೇನಹಳ್ಳಿಯಿಂದ ಹಿಂದೂಪುರದ ಬಸ್ಸು ಹಿಡಿದು, ಅವನಿರುವ ಹೊಲಕ್ಕೆ ಹೋಗಿ ನೋಡಿಬಂದೆ. ಕಂಬಳಿಯ ಮೇಲೆ ಕೂತು ಕುರಿಯ ಗೊರಸಿಗೆ ಮದ್ದು ಹಚ್ಚುತ್ತಿದ್ದ. ಪುಸ್ತಕ ತಂದಿದ್ದೇನೆ ಎಂದೆ. "ಇಟ್ಕೊ, ನೀನೇ ಓದು" ಎಂದ. ಇನ್ನೊಂದು ಗೊರಸು ಎತ್ತಿ ಹಿಡಿದು, "ಬೇಜಾರು ಮಾಡ್ಕೋಬೇಡ ಕಣಯ್ಯ, ನಾನೀಗ ಪರದೇಶದಲ್ಲೇ ಇದೀನಲ್ಲ" ಎಂದ. ತಮಾಷೆಗೆ ಹೇಳಿದ. ಇಬ್ಬರಿಗೂ ನಗು ಬರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಓದು ನಿಂತವರು ಇವನೊಬ್ಬನೇ ಅಲ್ಲ. ಆದರೆ ಭೀಮಕ್ಕನಿಗೆ ಯಾರೋ ಹೇಳಿಬಿಟ್ಟಿದ್ದಾರೆ, ನಿನ್ನ ಮಾತಿನಿಂದಲೇ ಮಗನ ಓದು ಹೋಯಿತೆಂದು. ಈಗ ಯಾರು ಕೇಳಿದರೂ, ಕೇಳದಿದ್ದರೂ, ಅವನು ಮಿಡಿಗೇಶಿಯಲ್ಲೇ ಹುಟ್ಟಿದ ಎನ್ನುತ್ತಾಳೆ. ರೆಡ್ಡಿಯ ಹೊಲದ ಮಾತು ತೆಗೆದರೆ, "ಯಾವ ಹೊಲ? ನಂಗೊತ್ತಿಲ್ಲಪ್ಪ" ಎನ್ನುತ್ತಾಳೆ. ಸರ್ಕಾರದ ಎದುರು ನಿಂತು ನಿಜ ಹೇಳಿ ನಕ್ಕ ಹೆಂಗಸಿಗೆ ಸುಳ್ಳು ಕಲಿಸಿದ್ದು ತಮ್ಮ ಸಮಿತಿ. ಶಿಕ್ಷಣದ ವಿಷಯದಲ್ಲಿ ಈ ವರ್ಷ ಅದು ಮಾಡಿದ ಕೆಲಸ ಇದೊಂದೇ ಇರಬೇಕು.

ಗೌರಕ್ಕನಿಗೆ ಈಗ ದಿನ ತುಂಬುತ್ತಿದೆ. ಪ್ರತಿ ವರ್ಷ ಮಂದೆಯ ಜೊತೆ ಹೋಗುತ್ತಿದ್ದವಳನ್ನು ಈ ಸಲ ಭೀಮಕ್ಕ ಬಿಡಲಿಲ್ಲ. ಗಂಡಸರನ್ನು ಕಳಿಸಿ ಮಗಳನ್ನು ಇಟ್ಟುಕೊಂಡು ಗುಡಿಸಲಲ್ಲಿ ಕೂತಿದ್ದಾಳೆ. ಅವರ ಕೇರಿಯೇ ಖಾಲಿಯಾಗಿದೆ. ನೆಂಟರೆಲ್ಲ ಮಂದೆಯ ಜೊತೆಗೆ, ಕುರಿ ಹಾಲೂ ಮಂದೆಯ ಜೊತೆಗೆ, ಇವರ ಪಾಲಿನ ರಾಗಿಯೂ ಅಲ್ಲೇ. ನಾನು ಹೋದಾಗ ಗೌರಕ್ಕ ಅಳುತ್ತಿದ್ದಳು. "ನೋಡಣ್ಣ, ನನ್ ಕಳಿಸವ್ವ ಅಂದ್ರೆ ಕೇಳಾಕಿಲ್ಲ. ಇಲ್ಲಿ ನೀರಿಗೂ ಗತಿಯಿಲ್ಲ."

"ಸುಮ್ಕಿರೇ," ಎಂದಳು ಭೀಮಕ್ಕ. "ನಿನ್ ಹೊಟ್ಟೇಲಿರೋದ್ಕೂ ಓದೋ ಹುಚ್ಚು ಹತ್ತಿದ್ರೆ ಏನ್ ಮಾಡ್ತೀಯ? ಅದೂ ನನ್ ಮಗನಂಗೆ ಕುರಿ ಹಿಂದೆ ಅಲೀಬೇಕಾ? ಇಲ್ಲೇ ಹೆರು. ಇಲ್ಲಿ ಹುಟ್ಟಿದ್ದೇ ಬೇಕಂತೆ ಅವ್ರಿಗೆ."

ಆಮೇಲೆ ನನ್ನ ಕಡೆ ತಿರುಗಿ, "ಹೌದಾ ಬುದ್ದಿ, ಇಲ್ಲೇ ಹುಟ್ಟಿದ್ರೆ ಕೊಟ್ಟೇ ಕೊಡ್ತಾರಾ?" ಎಂದು ಕೇಳಿದಳು.

ಇಲ್ಲಿ ಹುಟ್ಟಿದರೂ ಇನ್ನೊಂದು ನಿಯಮ ತೆಗೆಯುತ್ತಾರೆ, ಅದನ್ನು ದಾಟಿದರೆ ಮತ್ತೊಂದು ಎಂದು ಹೇಳಲೇ?

ಅಂಜನಪ್ಪನಿಗಾಗಿ ನಾನು ಏನನ್ನೂ ಕೇಳುತ್ತಿಲ್ಲ. ಅವನ ಹಡಗು ಹೋಯಿತು. ನನ್ನ ಬೇಡಿಕೆ ಇಷ್ಟೇ. ಸಂಸ್ಥಾನದಲ್ಲಿ ಬಾಳುವ ತಾಯಿ ಯಾವ ಹೊಲದಲ್ಲಿ ಹೆತ್ತರೂ ಆ ಮಗು ಸಂಸ್ಥಾನದ್ದೇ ಎಂಬ ಒಂದು ಸಾಲನ್ನು ತಮ್ಮ ನಿಯಮಕ್ಕೆ ಸೇರಿಸಿ. ಅದನ್ನು ಕನ್ನಡದಲ್ಲಿ ಬರೆದು, ಮೊಹರು ಹಾಕಿ ಕಳಿಸಿಕೊಡಿ. ನಾನು ಮಿಡಿಗೇಶಿಗೆ ಹೋಗಿ ಭೀಮಕ್ಕನ ಮುಂದೆ ಓದುತ್ತೇನೆ. ನನ್ನ ಮಾತನ್ನು ಅವಳು ನಂಬುವುದಿಲ್ಲ, ಮೊಹರನ್ನು ನಂಬುತ್ತಾಳೆ. ಗೌರಕ್ಕನನ್ನು ಗಾಡಿಯಲ್ಲಿ ಮಲಗಿಸಿ ಗಂಡನಿರುವಲ್ಲಿಗೆ, ಹಾಲು ನೀರು ಇರುವಲ್ಲಿಗೆ ತಲುಪಿಸಲು ಇನ್ನೂ ಸ್ವಲ್ಪ ವ್ಯವಧಾನವಿದೆ. ಬಹಳ ಇಲ್ಲ.

ತಾವು ಬರೆಯಲಾರಿರಿ ಎಂದು ಬಲ್ಲೆ. ಆದರೂ ಗೌರಕ್ಕನಿಗೆ ನೋವು ಕಾಣಿಸಿಕೊಳ್ಳುವವರೆಗೆ ದಿನವೂ ಟಪಾಲು ಕಚೇರಿಗೆ ಹೋಗಿ ಕೇಳಿಬರುತ್ತೇನೆ.

ಇಂತಿ,
ನಿಯಮಕ್ಕೆ ಸರಿಯಾಗಿ ಮಧುಗಿರಿಯ ಹೆಂಚಿನ ಮನೆಯಲ್ಲೇ ಹುಟ್ಟಿ,
ಯಾರ ಉಪಯೋಗಕ್ಕೂ ಬಾರದ ಒಬ್ಬ ಮೈಸೂರು ಪ್ರಜೆ
ಮಾರ್ಚ್ ೧೯೩೮